ಜೊತೆಯಲ್ಲಿ ವಾಸವಾಗಿದ್ದವರು

"ಅದನ್ನ ಮುಟ್ಟಬೇಡ ತಮ್ಮಾ!"

ಅವಳು ಕೂಗಿದ್ದಕ್ಕೆ, ಕಂಪ್ಯೂಟರಿನತ್ತ ಚಾಚಿದ್ದ ಕೈಯನ್ನು ಅವಳ ಗಂಡನ ಗೆಳೆಯ ಹಿಂದಕ್ಕೆಳೆದುಕೊಂಡ. ಹೊರಕೋಣೆಯಲ್ಲಿ ಗೆಳೆಯನ ಶವವಿರುವಾಗ ಆಫೀಸಿನ ಕೆಲಸಕ್ಕೆಂದು ಒಳಗೆ ಬಂದ ನಾಚಿಕೆ ಅವನ ಮುಖದಲ್ಲೇ ಇತ್ತು. ಇಬ್ಬರೂ ಕಾನೂನು ಇಲಾಖೆಯಲ್ಲಿ ಎದುರುಬದುರು ಕೂತು ಮಸೂದೆಗಳ ಕರಡು ಬರೆದವರು. ಅವಳ ಗಂಡನಿಗಂತೂ ಅಲ್ಲಿ 'ಕರಡಪ್ಪ' ಎಂದೇ ಹೆಸರು. ಯಾರದೋ ಮದುವೆ ಕಾಗದ ಕೈಗೆ ಸಿಕ್ಕರೂ ತಿದ್ದದೆ ಬಿಡದ ಆಸಾಮಿ.

"ಅಕ್ಕಾ, ಬಾಡಿಗೆ ಮನೆಗಳ ಮಸೂದೆ ನಾಳೆ ಸದನಕ್ಕೆ ಹೋಗ್ಬೇಕು. ಒಬ್ರು ತಿದ್ತಿರೋ ಕಲಮನ್ನ ಈ ಸಾಫ್ಟ್‌ವೇರ್ ಇನ್ನೊಬ್ರಿಗೆ ಬಿಟ್ಟುಕೊಡಲ್ಲ. ಆಫೀಸಲ್ಲಿ ಎಲ್ಲರ ಪರದೆ ಮೇಲೂ ಇನ್ನೂ ಅಣ್ಣನೇ ತಿದ್ತಿದ್ದಾರೆ ಅಂತ ಬರ್ತಿದೆ."

"ಬರಲಿ ಬಿಡು. ಅವರನ್ನ ಒಯ್ಯೋ ಗಾಡಿ ಹೊರಡೋವರೆಗಾದ್ರೂ ಬರಲಿ," ಎಂದಳು ಅವಳು.

*

ನಿನ್ನೆ ಸಂಜೆ ಗಂಡ ಇದೇ ಕುರ್ಚಿಯಲ್ಲಿ ಕೂತು ಯಂತ್ರದ ಜೊತೆ ಜಗಳಕ್ಕೆ ಬಿದ್ದಿದ್ದ. 'ಬಾಡಿಗೆದಾರನು ಮೃತನಾದಲ್ಲಿ, ಅವನ ಜೊತೆಯಲ್ಲಿ ವಾಸವಾಗಿದ್ದವರು' ಎಂದು ಬರೆದು ಕೈ ತಡೆದರೆ ಸಾಕು, ಮುಂದಿನದನ್ನು ಅದು ತಾನೇ ಬೂದು ಅಕ್ಷರಗಳಲ್ಲಿ ಸೂಚಿಸುತ್ತಿತ್ತು: 'ಮೂವತ್ತು ದಿನಗಳೊಳಗೆ ಮನೆಯನ್ನು ತೆರವು ಮಾಡತಕ್ಕದ್ದು.'

"ಹಳೇ ಕಾನೂನೆಲ್ಲ ಓದ್ಕೊಂಡಿದೆ, ಅದನ್ನೇ ಕಕ್ಕುತ್ತೆ," ಎಂದು ಗೊಣಗಿದವನು ಅವಳ ಕಡೆ ತಿರುಗಿದ. "ನೀನು ಹೇಳು. ನಾನು ಹೋದೆ ಅಂತಿಟ್ಕೋ. ಈ ಮನೆ ಬಿಡೋಕೆ ನಿಂಗೆಷ್ಟು ದಿನ ಬೇಕು?"

"ಬಿಡ್ತು ಅನ್ನಿ! ಸಂಜೆ ಹೊತ್ತಲ್ಲಿ ಎಂಥ ಮಾತಾಡ್ತೀರಿ? ನಿಮ್ಮ ಕಾನೂನಿಗೆ ನಾನೇ ಬೇಕಿತ್ತಾ?"

ಅವನು ನಕ್ಕ. "ಆಯ್ತಮ್ಮಾ, ಬಿಡ್ತು. ಬೆಳಿಗ್ಗೆ ನೋಡೋಣ," ಎಂದು ಎಲ್ಲವನ್ನೂ ಹಾಗೇ ಬಿಟ್ಟು ಎದ್ದ. ಬೆಳಿಗ್ಗೆ ಅವಳು ಎಬ್ಬಿಸಿದರೆ ಏಳಲಿಲ್ಲ.

*

"ಈಗಿದನ್ನ ಏನ್ಮಾಡ್ತೀಯ?" ಎಂದು ಅವಳು ಕೇಳಿದಳು.

"ಯಂತ್ರ ಹೇಳಿದ್ದನ್ನೇ ಒಪ್ಕೊಂಡು ಮುಚ್ಚಿಬಿಡು ಅಂದಿದ್ದಾರೆ ಸಾಹೇಬ್ರು. ಯೋಚನೆ ಮಾಡೋಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ."

"ಮೂವತ್ತೇ ದಿನವಾ?"

ಗೆಳೆಯ ತಲೆ ತಗ್ಗಿಸಿದ. "ನೀವು ಬೇರೆ ಏನಾದ್ರೂ ಹೇಳಿ ಅಕ್ಕಾ, ಅದನ್ನೇ ಹಾಕ್ತೀನಿ, ಬೈಸ್ಕೊಂಡ್ರೂ ಸರಿ. ಆದ್ರೆ ಕಾನೂನಿಗೆ ಒಂದು ಲೆಕ್ಕ ಬೇಕು. ಎಷ್ಟು ದಿನ?"

ನಿನ್ನೆಯೇ ಏನಾದರೊಂದು ಹೇಳಿದ್ದರೆ ಮಹರಾಯ ನೆಮ್ಮದಿಯಿಂದ ಮಲಗುತ್ತಿದ್ದನಲ್ಲ ಎಂದು ಅವಳಿಗನ್ನಿಸಿತು. ಕೋಣೆಯನ್ನೊಮ್ಮೆ ನೋಡಿದಳು. ಮಂಚದ ಮೇಲೆ ಅವನ ಬದಿಯ ಹಾಸಿಗೆ ಇನ್ನೂ ತಗ್ಗಾಗಿಯೇ ಇತ್ತು.

"ಹೇಗೆ ಹೇಳಲಿ ತಮ್ಮಾ? ಇವತ್ತಿನ್ನೂ ಮೊದಲನೇ ದಿನ."

ಗೆಳೆಯ ಬೂದು ಅಕ್ಷರಗಳನ್ನು ಅಳಿಸಿದ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅದನ್ನು ಆರಿಸಿ, ಕಲಮನ್ನು ಹಾಗೇ ಅರ್ಧಕ್ಕೆ ತೆರೆದಿಟ್ಟು, ಹೆಗಲು ಕೊಡಲು ಹೊರಗೆ ಹೋದ.

ಮೇಜಿನ ಮೇಲೆ ಗಂಡನ ಕನ್ನಡಕ ಮಡಿಸದೆ ಬಿದ್ದಿತ್ತು. ಅವಳು ಅದನ್ನೆತ್ತಿಕೊಂಡು ಮಡಿಸಿದಳು. ಅದನ್ನಿಡಲು ಮೇಜಿನ ಖಾನೆ ಎಳೆದಳು, ಹಾಗೇ ಮುಚ್ಚಿದಳು. ಕಪಾಟಿನವರೆಗೆ ಹೋಗಿ ತಿರುಗಿ ಬಂದಳು. "ಅಮ್ಮಾ, ಹೊರಡ್ಬೇಕು," ಎಂದು ಮಗಳು ಬಾಗಿಲಿಗೆ ಬಂದು ಕರೆದಾಗಲೂ ಕನ್ನಡಕ ಅವಳ ಕೈಯಲ್ಲೇ ಇತ್ತು.