ಕಳಚಿಟ್ಟ ಬಿಡಿಭಾಗಗಳು

ಕನ್ನಡಕದಂಗಡಿಯವನ ರಿಮೋಟಿನ ಆಟಿಕೆ ಟ್ರಕ್ ಮೂರನೆಯ ಸಲ ಮಗುಚಿ, ಅಂಗಾತ ಬಿದ್ದ ಜಿರಲೆಯಂತೆ ನಾಲ್ಕೂ ಚಕ್ರಗಳನ್ನು ಗಾಳಿಯಲ್ಲಿ ಆಡಿಸಿತು. ಅದನ್ನು ನೆಟ್ಟಗೆ ನಿಲ್ಲಿಸಲು ಅವನು ಮಣ್ಣಿನ ದಿಬ್ಬವನ್ನು ಅರ್ಧ ಹತ್ತುವಷ್ಟರಲ್ಲಿ, ಹೆಂಡತಿಯ ಟ್ರಕ್ ಅವನ ಕಾಲ ಪಕ್ಕದಿಂದಲೇ ನಿಧಾನವಾಗಿ ತೆವಳಿ ತುದಿ ಮುಟ್ಟಿತು. ಕೆಳಗೆ ನಿಂತಿದ್ದ ಐದಾರು ಜನ ಚಪ್ಪಾಳೆ ತಟ್ಟಿದರು.

"ಬಸ್ ಓಡ್ಸೋರ ಹತ್ರ ನಮ್ಮಾಟ ನಡೆಯಲ್ಲ ಬಿಡ್ರಪ್ಪ," ಎಂದ ಅವರಲ್ಲೊಬ್ಬ ಎಲೆಕ್ಟ್ರಿಷಿಯನ್. "ಅಕ್ಕನ ಕೈಯೇ ಕೈ!"

ಅವಳು ಸಿಟಿ ಬಸ್ಸಿನ ಚಾಲಕಿ. ಆದರೆ ಆರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಈ ಖಾಲಿ ಸೈಟಿಗೆ ಬರುತ್ತಿದ್ದವನು ಅವನು. ಮೋಟಾರ್ ಬದಲಿಸಿದ್ದ, ಚಕ್ರ ಹಿಡಿಯುವ ಪ್ಲಾಸ್ಟಿಕ್ ತೋಳುಗಳನ್ನು ತೆಗೆದು ಅಲ್ಯೂಮಿನಿಯಂ ಹಾಕಿದ್ದ, ಎಣ್ಣೆ ತುಂಬಿದ ಪುಟ್ಟ ಶಾಕ್ ಅಬ್ಸಾರ್ಬರುಗಳನ್ನು ಗಾಜು ಉಜ್ಜುವಷ್ಟೇ ನಾಜೂಕಾಗಿ ಹೊಂದಿಸಿದ್ದ. ಕಳಚಿದ್ದೆಲ್ಲ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿ ಸೇರುತ್ತಿತ್ತು. ಹೋದ ತಿಂಗಳು ಅವಳು ಆ ಡಬ್ಬಿ ಇಳಿಸಿ, "ಇವೆಲ್ಲ ಬೇಡ್ವಲ್ಲ ನಿಮ್ಗೆ?" ಎಂದು ಕೇಳಿದ್ದಳು. ಅವನು ನಕ್ಕು, ಟ್ರಕ್ಕಿನ ಒಂದು ಖಾಲಿ ಚೌಕಟ್ಟನ್ನೂ ತಂದುಕೊಟ್ಟಿದ್ದ. ಸ್ಕ್ರೂ ಬಿಗಿಸುವುದನ್ನೂ ತಾನೇ ಕಲಿಸಿದ್ದ.

"ಎಲ್ಲಾ ನನ್ನ ಹಳೇ ಸಾಮಾನೇ," ಎಂದ ಈಗ, ಯಾರೂ ಕೇಳದಿದ್ದರೂ.

"ಹೌದೌದು, ಎಲ್ಲಾ ಇವರದ್ದೇ," ಎಂದಳು ಅವಳು, ಹೆಮ್ಮೆಯಿಂದ. ಅದು ಇನ್ನಷ್ಟು ಚುಚ್ಚಿತು. ಅಣಕಿಸಿದ್ದರೆ ತಿರುಗಿಸಿ ಒಂದು ಮಾತಾದರೂ ಅನ್ನಬಹುದಿತ್ತು.

"ಸರ್, ಸ್ವಲ್ಪ ಪಕ್ಕಕ್ಕೆ ಬನ್ನಿ. ಅಕ್ಕ ಕಲ್ಲಿನ ಕಡೆಯಿಂದ ಹತ್ತಿಸ್ತಾರಂತೆ!" ಎಂದು ಗುಂಪಿನಿಂದ ಯಾರೋ ಕೂಗಿದರು.

ಅವನು ಸರಿದು ನಿಂತ. ಇಷ್ಟು ವರ್ಷಗಳಲ್ಲಿ ಅವನಿಗಾಗಿ ಯಾರೂ ಯಾರನ್ನೂ ಸರಿಸಿರಲಿಲ್ಲ. ಅವಳ ಟ್ರಕ್ ಎರಡು ಕಲ್ಲುಗಳ ನಡುವೆ ಮೂತಿ ತೂರಿಸಿತು, ಮುಲುಗಿತು, ಟಕ್ಕೆಂದು ನಿಂತಿತು. ಮುಂದಿನ ಚಕ್ರಗಳು ಒಂದು ಆಚೆಗೆ, ಒಂದು ಈಚೆಗೆ ವಾಲಿಕೊಂಡವು.

"ರೀ, ಸ್ಟೀರಿಂಗ್ ಕಡ್ಡಿ ಮುರೀತು. ನಿಮ್ ಪೆಟ್ಟಿಗೇಲಿ ಒಂದು ಇರ್ಬೇಕಲ್ಲ?"

ಅವನು ಪೆಟ್ಟಿಗೆ ತೆರೆದ. ಕಡ್ಡಿ ಮೇಲಿನ ಖಾನೆಯಲ್ಲೇ ಇತ್ತು, ಪೊಟ್ಟಣವನ್ನೂ ಒಡೆದಿರಲಿಲ್ಲ. ಬೆರಳು ಒಂದು ಗಳಿಗೆ ಅದರ ಮೇಲೆ ನಿಂತಿತು.

"ಇಲ್ಲ ಕಣೆ. ಅಂಗಡೀಲಿದೆ," ಎಂದು ಮುಚ್ಚಳ ಹಾಕಿದ.

"ಹೋಗ್ಲಿ ಬಿಡಿ, ನೀವು ಹತ್ಸಿ. ಬ್ಯಾಟರಿ ಒಂಚೂರು ಮುಂದಕ್ಕೆ ತಳ್ಳಿ ನೋಡಿ. ಹಿಂದೆ ಭಾರ ಜಾಸ್ತಿಯಾಗಿ ಮಗುಚ್ತಿದೆ ಅನ್ಸುತ್ತೆ."

ಅವನು ಕೇಳಿಸದವನಂತಿದ್ದ. ಅವಳು ಅತ್ತ ತಿರುಗಿದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಬ್ಯಾಟರಿಯನ್ನು ಎರಡು ಬೆರಳಷ್ಟು ಮುಂದಕ್ಕೆ ತಳ್ಳಿ ಪಟ್ಟಿ ಬಿಗಿದ.

ಟ್ರಕ್ ಹತ್ತಿತು. ಅಷ್ಟು ದಿನ ಒದ್ದಾಡಿದ ದಿಬ್ಬವನ್ನು ಒಂದೇ ಉಸಿರಿನಲ್ಲಿ ಹತ್ತಿ ನೆತ್ತಿಯಲ್ಲಿ ನಿಂತಿತು.

"ಹತ್ತಿತು!" ಎಂದು ಕೂಗಿದ.

ಗುಂಪೆಲ್ಲ ಅವಳ ಟ್ರಕ್ಕಿನ ಸುತ್ತ ಕುಕ್ಕರುಗಾಲಲ್ಲಿ ಕುಳಿತು ಮುರಿದ ಕಡ್ಡಿಗೆ ತಂತಿ ಸುತ್ತುವುದರಲ್ಲಿ ಮುಳುಗಿತ್ತು. ಅವಳೊಬ್ಬಳೇ ತಲೆಯೆತ್ತಿ ನೋಡಿದಳು. ನೋಡಿ, ರಿಮೋಟನ್ನು ಕಂಕುಳಲ್ಲಿ ಇರುಕಿಕೊಂಡು, ಮಣ್ಣು ಮೆತ್ತಿದ ಎರಡೂ ಕೈಗಳಿಂದ ಚಪ್ಪಾಳೆ ತಟ್ಟಿದಳು. ಒಬ್ಬಳೇ, ಬಹಳ ಹೊತ್ತು.

ಅವನು ದಿಬ್ಬ ಹತ್ತಿ ಟ್ರಕ್ಕನ್ನು ಎತ್ತಿಕೊಂಡ. ಇನ್ನೊಂದು ಕೈಯ ಹೆಬ್ಬೆರಳು ರಿಮೋಟಿನ ಮೇಲೆ ಒತ್ತಿಯೇ ಇತ್ತು. ಎದೆಗವುಚಿದ ಟ್ರಕ್ಕಿನ ಚಕ್ರಗಳು ತಿರುಗುತ್ತಲೇ ಇದ್ದು, ಅವನ ಅಂಗಿಯ ತುಂಬ ಕೆಂಪು ಮಣ್ಣು ಎರಚುತ್ತಿದ್ದವು.