ಹವಾಲ್ದಾರ ಕೂತ ಕುರ್ಚಿ

“ಎರಡು ಮಹಡಿ ಹತ್ತಿ ಬಂದಿದೀಯ. ಇನ್ನೆಂಥ ಅಂಗವಿಕಲನಯ್ಯಾ ನೀನು?”

ಮನೆಕಂದಾಯದ ಸಾಹೇಬರು ಹೀಗೆ ಕೇಳಿದಾಗ ಮಾಜಿ ಹವಾಲ್ದಾರ ಹೆಂಡತಿಯ ಬೆನ್ನ ಮೇಲಿದ್ದ. ಗಡಿಯಲ್ಲಿ ನೆಲಬಾಂಬು ಅವನ ಎರಡೂ ಮೊಣಕಾಲುಗಳ ಕೆಳಗೆ ಏನನ್ನೂ ಉಳಿಸಿರಲಿಲ್ಲ. ಹೆಂಡತಿ ಲಾಂಡ್ರಿಯಲ್ಲಿ ಒದ್ದೆ ಚಾದರಗಳ ಗಂಟು ಹೊರುವವಳು. ಆದರೂ ಅವಳ ಉಸಿರು ಶಿಳ್ಳೆ ಹೊಡೆಯುತ್ತಿತ್ತು.

“ಅವ್ರು ಹತ್ತಿಲ್ಲ ಸ್ವಾಮಿ. ನಾನು ಹೊತ್ಕೊಂಡು ಬಂದೆ.”

“ಅರ್ಜಿದಾರ ಖುದ್ದಾಗಿ ಬರ್ಬೇಕು. ನಿನ್ನ ಬೆನ್ನ ಮೇಲೆ ಬಂದ್ರೆ ಖುದ್ದಾಗಿ ಬಂದಂಗಾಯ್ತಾ?”

“ಹಂಗಾದ್ರೆ ನಂಗೆ ಹತ್ತೋಕಾಗಲ್ಲ ಅಂತ ನೀವೇ ಒಪ್ಕೊಂಡಂಗಾಯ್ತಲ್ಲ,” ಅಂದ ಹವಾಲ್ದಾರ.

“ಖುದ್ದಾಗಿ ಬರ್ದಿರೋನ ಅರ್ಜಿ ತಗೊಳ್ಳೋಕಾಗಲ್ಲ.”

ಯುದ್ಧದಲ್ಲಿ ಅಂಗ ಕಳೆದುಕೊಂಡವರ ಮನೆಗೆ ಕಂದಾಯ ಮಾಫಿ ಎಂದು ಕಚೇರಿಯ ಗೋಡೆಯ ಮೇಲೇ ಬರೆದಿತ್ತು. ಹವಾಲ್ದಾರ ಗಾಲಿಕುರ್ಚಿಗೆಂದು ತನ್ನ ಮನೆಬಾಗಿಲಲ್ಲಿ ಕಟ್ಟಿಸಿದ ಇಳಿಜಾರನ್ನು ಅಳೆದು, ಅದೂ ಹೊಸ ಕಟ್ಟಡವೇ ಎಂದು ಕಂದಾಯ ಏರಿಸಿದ್ದೂ ಇದೇ ಕಚೇರಿ. ಆ ಕಂದಾಯ ಕಟ್ಟದಿದ್ದರೆ ಈ ವಾರ ಮನೆಗೆ ಬೀಗ.

ಸಾಹೇಬರು ಕೈ ತೊಳೆಯಲು ಎದ್ದು ಹೋದರು. ಹೆಂಡತಿ ಮೇಜು ಸುತ್ತಿಕೊಂಡು ಹೋಗಿ ಗಂಡನನ್ನು ಅವರ ಕುರ್ಚಿಯಲ್ಲಿ ಇಳಿಸಿದಳು.

“ಏನೇ ಇದು?”

“ಸುಮ್ನೆ ಕೂತ್ಕೊಳ್ಳಿ. ನನ್ನ ಸೊಂಟ ಬಿದ್ದೋಯ್ತು. ಕೆಲ್ಸಕ್ಕೆ ಹೊತ್ತಾಯ್ತು.”

ಮೆಟ್ಟಿಲಿಳಿದು ಹೋಗಿಯೇಬಿಟ್ಟಳು.

ಸಾಹೇಬರು ಬಂದು ನೋಡಿ ಕೆಂಡವಾದರು. “ಎದ್ದೇಳೋ, ಬೋಳಿಮಗನೆ.”

“ಏಳೋಕಾಗಲ್ಲ ಸ್ವಾಮಿ.”

“ನಾಟ್ಕ ಆಡ್ಬೇಡ.”

“ಏಳೋಕಾಗಲ್ಲ ಅಂತ ಬರ್ಕೊಡಿ. ನಾನು ಕೇಳ್ತಿರೋದೂ ಅದನ್ನೇ.”

ಸಾಹೇಬರು ಜವಾನನನ್ನು ಕರೆದು, ಎತ್ತಿ ಆಚೆ ಹಾಕು ಅಂದರು. ಜವಾನ ಬಗ್ಗಿದವನು ಅರ್ಧಕ್ಕೇ ನಿಂತ. “ನಾವೇ ಎತ್ತಿದ್ರೆ ಅಂಗವಿಕಲ ಅಂತ ಕಚೇರಿನೇ ಒಪ್ಕೊಂಡಂಗೆ ಆಗಲ್ವಾ ಸಾರ್?”

ಸಾಹೇಬರು ಯೋಚನೆಗೆ ಬಿದ್ದರು. ಒರೆಸಿಕೊಳ್ಳದ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಬೆಳಗಿನಿಂದ ಸಾಲಿನಲ್ಲಿ ನಿಂತು ಸುಸ್ತಾದ ಮುದುಕಿಯೊಬ್ಬಳಿಗೆ ಕುರ್ಚಿಯಲ್ಲಿ ಯಾರಿದ್ದರೇನು ಅನ್ನಿಸಿತ್ತು. ಸಾಹೇಬರನ್ನು ದಾಟಿಕೊಂಡು ಮುಂದೆ ಬಂದು ತನ್ನ ಅರ್ಜಿಯನ್ನು ಹವಾಲ್ದಾರನಿಗೆ ಚಾಚಿದಳು.

“ನೀನಾದ್ರೂ ನೋಡಪ್ಪಾ. ಮನೆ ನನ್ನ ಹೆಸ್ರಿಗೆ ಮಾಡ್ಕೊಡಿ ಅಂದ್ರೆ, ಸತ್ತೋಗಿರೋ ಗಂಡನ್ನೇ ಕರ್ಕೊಂಡ್ಬಾ ಅಂತಾರೆ ಈ ಮುಂಡೇಮಕ್ಳು.”

ಹವಾಲ್ದಾರ ಅರ್ಜಿಯನ್ನು ಪೂರ್ತಿ ಓದಿದ. ಮೇಜಿನ ಮೇಲಿದ್ದ ಮೊಹರನ್ನು ಶಾಯಿಗೆ ಒತ್ತಿ, ಕಾಗದದ ಮೇಲೆ ಕುಟ್ಟಿದ. ಗುಮಾಸ್ತರೆಲ್ಲ ತಲೆ ಎತ್ತಿದರು.

“ಮುಂದಿನವ್ರು ಬನ್ನಿ,” ಅಂದ.

ಸಾಲು ಸರಿಯಿತು.