ಕೆಂಪು ಗೀಟಿನ ಕೆಳಗೆ

ಚರ್ಚಿನ ಹಿಂಬದಿಯ ಕೋಣೆಯಲ್ಲಿ ತಿಂಗಳಿಗೊಮ್ಮೆ ಏಳೆಂಟು ಜನ ಕೂತು ಜೈಲಿನಲ್ಲಿರುವವರಿಗೆ ಪತ್ರ ಬರೆಯುತ್ತಿದ್ದರು. ಬರೆದದ್ದನ್ನು ನಿವೃತ್ತ ಮೇಷ್ಟ್ರೊಬ್ಬರು ಕೆಂಪು ಶಾಯಿಯಲ್ಲಿ ತಿದ್ದುವುದು, ತಿದ್ದಿದ್ದನ್ನು ಬರೆದವರು ಶುದ್ಧ ಪ್ರತಿ ಮಾಡಿ ಅಂಚೆಗೆ ಹಾಕುವುದು ಅಲ್ಲಿನ ಪದ್ಧತಿ. ಉಳಿದವರ ಪತ್ರಕ್ಕೆ ಎರಡೋ ಮೂರೋ ಗೀಟು ಬೀಳುತ್ತಿದ್ದವು. ದರ್ಜಿಯಮ್ಮನ ಪತ್ರ ಮಾತ್ರ ಹಾಳೆ ತುಂಬ ಕೆಂಪು.

ತಪ್ಪು ಮೇಷ್ಟ್ರದಲ್ಲ ಬಿಡಿ. ದೇವರ ಪ್ರೀತಿ ಅಂತ ಶುರುಮಾಡಿದರೆ ಎರಡನೇ ಸಾಲಿಗೇ ಎದುರುಮನೆಯ ನಾದಿನಿ ಬಂದು ಕೂರುತ್ತಿದ್ದಳು. ನಾದಿನಿ ದೊಡ್ಡ ಕತ್ತರಿಯನ್ನು ಎರವಲು ಒಯ್ದು ರಟ್ಟು ಕತ್ತರಿಸಿ ಮೊಂಡು ಮಾಡಿದ್ದು, ಕೇಳಿದರೆ ಮೊದಲೇ ಮೊಂಡಿತ್ತೆಂದು ಸಾಧಿಸಿದ್ದು, ನೀನೇ ಇಟ್ಟುಕೋ ಎಂದು ಇವಳು ಎದ್ದು ಬಂದದ್ದು, ಅಂದಿನಿಂದ ಮೂರು ವರ್ಷ ಮಾತು ಬಿಟ್ಟದ್ದು, ಎಲ್ಲ ಇರಬೇಕು. ಕೈದಿಗೆ ಬೇಕಾದದ್ದು ಸಮಾಧಾನ, ನಿಮ್ಮ ಕತ್ತರಿ ಪುರಾಣ ಅಲ್ಲ ಎಂದು ಮೇಷ್ಟ್ರು ಗೀಟೆಳೆದು, ಆ ಜಾಗದಲ್ಲಿ ಕ್ಷಮೆಯ ಬಗ್ಗೆ ಒಂದು ಬೈಬಲ್ ವಾಕ್ಯ ಬರೆದುಕೊಡುತ್ತಿದ್ದರು.

ಆಕೆಯ ಪಾಲಿಗೆ ಬಂದಿದ್ದವನು ಒಬ್ಬ ಬಡಗಿ. ಐದು ತಿಂಗಳು ಐದು ಶುದ್ಧ ಪತ್ರ ಹೋದವು, ಒಂದಕ್ಕೂ ಉತ್ತರವಿಲ್ಲ. ಆರನೆಯದಕ್ಕೂ ಬಾರದಿದ್ದರೆ ಅವನನ್ನು ಬೇರೆಯವರಿಗೆ ಒಪ್ಪಿಸುವುದು ನಿಯಮ. ಬೇರೆಯವರೆಂದರೆ ಮುತ್ತು ಪೋಣಿಸಿದಂತೆ ಬರೆಯುವ ಔಷಧದಂಗಡಿಯವರು. ಮುಖ ಕಾಣದ ಬಡಗಿಯನ್ನು ದರ್ಜಿಯಮ್ಮ ಆಗಲೇ ತಮ್ಮನೆಂದುಕೊಂಡುಬಿಟ್ಟಿದ್ದಳು, ಅವನಿಗಾಗಿ ಪ್ರಾರ್ಥಿಸದೆ ಊಟಕ್ಕೆ ಕೂರುತ್ತಿರಲಿಲ್ಲ. ತಮ್ಮನನ್ನು ಬಿಟ್ಟುಕೊಡುವುದುಂಟೇ?

ಆರನೇ ಪತ್ರವನ್ನು ಗಡಿಬಿಡಿಯಲ್ಲಿ ಮಡಿಸಿ ಅಂಚೆಗೆ ಹಾಕಿ ಬಂದವಳು, ಅಳತೆಯ ಕಾಗದಗಳ ಡಬ್ಬಿಯಿಂದ ಕೈಗೆ ಸಿಕ್ಕ ಹಾಳೆ ತೆಗೆದು ಕಾಲರಿನ ಆಕಾರಕ್ಕೆ ಕತ್ತರಿಸಿದಳು. ಬಟ್ಟೆಯ ಮೇಲೆ ಮಗುಚಿ ಇಟ್ಟಾಗ ಕಾಲರಿನ ತುಂಬ ತನ್ನದೇ ಅಕ್ಷರ. ಶುದ್ಧ ಪ್ರತಿ ಕಾಲರಾಗಿತ್ತು! ಅದರ ಜೊತೆ ಡಬ್ಬಿಯಲ್ಲಿದ್ದ ಕೆಂಪು ಗೀಟಿನ ಪ್ರತಿ, ಕತ್ತರಿ ನಾದಿನಿ ಸಮೇತ, ಜೈಲಿಗೆ ಹೊರಟಿತ್ತು. ದರ್ಜಿಯಮ್ಮ ಹಣೆ ಚಚ್ಚಿಕೊಂಡಳು. ಮೇಷ್ಟ್ರಿಗೆ ಹೇಳಲಿಲ್ಲ. ಬಾಯಿಬಡುಕರಿಗೂ ಒಮ್ಮೊಮ್ಮೆ ಬುದ್ಧಿ ಬರುತ್ತದೆ.

ಹದಿನೆಂಟನೇ ದಿನ ಉತ್ತರ ಬಂತು. ಅಂಗಡಿಯಲ್ಲಿ ನಿಂತೇ ಓದಿದಳು. ಹಿಂದಿನ ಐದನ್ನು ಯಾರೋ ನಕಲು ಮಾಡಿ ಎಲ್ಲರಿಗೂ ಹಂಚುತ್ತಾರೆ ಎಂದುಕೊಂಡಿದ್ದನಂತೆ. ಈ ಸಲ ಗೀಟಿನ ಕೆಳಗಿನದನ್ನು ಬೆಳಕಿಗೆ ಹಿಡಿದು ಒಂದೂ ಅಕ್ಷರ ಬಿಡದೆ ಓದಿದನಂತೆ, ಕೋಣೆಯವರಿಗೂ ಓದಿ ಹೇಳಿದನಂತೆ. ಅವರಲ್ಲಿ ಅರ್ಧ ಜನ ನಾದಿನಿಯ ಪಕ್ಷವಂತೆ. ಮೊಂಡು ಕತ್ತರಿಗೆ ಸಾಣೆ ಹಿಡಿಯುವುದು ಹೇಗೆಂದು ಚಿತ್ರ ಬೇರೆ ಬಿಡಿಸಿದ್ದ. ನಕ್ಕೂ ನಕ್ಕೂ ಆಕೆಯ ಕಣ್ಣಲ್ಲಿ ನೀರು ಬಂತು. ಕೊನೆಯ ಸಾಲುಗಳಿಗೆ ಬಂದಾಗ ನಗು ನಿಂತಿತು.

"ಅಕ್ಕಾ, ನನ್ನ ಸ್ವಂತ ಅಕ್ಕ ನನ್ನ ಹತ್ರ ಮಾತಾಡಿ ಏಳು ವರ್ಷ ಆಯ್ತು. ತಪ್ಪು ನಂದೇ. ಹೋಗಿ ಕ್ಷಮೆ ಕೇಳ್ಕೊಳ್ಳೋಣ ಅಂದ್ರೆ ಇಲ್ಲಿ ಬಾಗಿಲು ನನ್ನ ಕೈಲಿಲ್ಲ. ನಿಮಗೆ ಬೀದಿ ದಾಟಿದ್ರೆ ಸಾಕು. ಏನಾಯ್ತು ಅಂತ ಬರೀರಿ, ಎಲ್ಲರೂ ಕಾಯ್ತಿದ್ದೀವಿ."

ತಮ್ಮ ಉಳಿದ, ಸರಿ. ಏಳನೇ ಪತ್ರದಲ್ಲಿ ಏನು ಬರೆಯುವುದು? ಹೋಗಲಿಲ್ಲ ಎನ್ನಲು ನಾಚಿಕೆ, ಹೋದೆ ಎಂದು ಸುಳ್ಳು ಬರೆಯಲು ದೇವರ ಭಯ. ಐದು ಪತ್ರದಲ್ಲಿ ಕ್ಷಮೆಯ ಪಾಠ ಹೇಳಿದವಳು ತಾನೇ ತಾನೆ! ಕೊರಳಿನ ಅಳತೆ ಟೇಪನ್ನು ತೆಗೆಯುವುದನ್ನೂ ಮರೆತು ಬೀದಿ ದಾಟಿದಳು. ಹನ್ನೆರಡೇ ಹೆಜ್ಜೆ ಇತ್ತು.

ನಾದಿನಿ ಮುಖ ಗಂಟು ಹಾಕಿಕೊಂಡೇ ಬಾಗಿಲು ತೆರೆದಳು. ಕತ್ತರಿ ಅಲ್ಲೇ ಇದೆ, ತೆಗೆದುಕೊಂಡು ಹೋಗು ಎಂದಳು.

"ಕತ್ತರಿಗೆ ಬಂದಿಲ್ಲ ಕಣೆ. ನಮ್ಮಿಬ್ಬರದು ಏನಾಯ್ತು ಅಂತ ಜೈಲಲ್ಲಿ ಒಂದು ಕೋಣೆ ಜನ ಕಾಯ್ತಿದ್ದಾರೆ. ಏನು ಬರೀಲಿ?"

ನಾದಿನಿಯ ಕಣ್ಣು ಆಕೆಯ ಕೊರಳಲ್ಲಿ ನೇತಾಡುತ್ತಿದ್ದ ಟೇಪಿನ ಮೇಲೆ ಹೋಯಿತು.

"ಮೊದಲೇ ಮೊಂಡಿತ್ತು ಅಂತ ಬರಿ" ಎಂದು, ಒಳಗೆ ಬರಲು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.